ಕೈ ಬದಲಾದ ಚೀಟಿಗಳು

ಪಿಎಚ್.ಡಿ.ಗೆ ಹೆಸರು ನೋಂದಾಯಿಸಿದ ದಿನ ಸಂಸ್ಥೆಯ ಕಚೇರಿಯಲ್ಲಿ ನನ್ನ ಕೈಗೆ ನಿಯಮಗಳ ಪುಸ್ತಕವೊಂದನ್ನು ಕೊಟ್ಟರು. ಸೈಕ್ಲೋಸ್ಟೈಲ್ ಮಾಡಿದ ಹದಿನಾಲ್ಕು ಹಾಳೆ, ಮೂಲೆಗೆ ಒಂದು ಪಿನ್ನು. ಆರು ವಿಷಯಗಳ ಪಾಠ ಮುಗಿಸಬೇಕು. ಆಮೇಲೆ ಕಾಂಪ್ರಹೆನ್ಸಿವ್ ಅನ್ನುವ ಪರೀಕ್ಷೆ, ಅದರಲ್ಲಿ ಬರೆಯುವುದು ಒಂದು, ಸಮಿತಿಯ ಮುಂದೆ ಕುಳಿತು ಬಾಯಲ್ಲಿ ಹೇಳುವುದು ಇನ್ನೊಂದು; ಅವಕಾಶ ಎರಡೇ. ಅದಾದ ಮೇಲೆ ಸ್ವಂತ ಸಂಶೋಧನೆ, ಸೆಮಿನಾರು, ಸಾರಾಂಶ, ಪ್ರಬಂಧದ ಐದು ಪ್ರತಿ, ಇಬ್ಬರು ಹೊರಗಿನ ಪರೀಕ್ಷಕರು, ಕೊನೆಗೆ ವೈವಾ. ಇಷ್ಟೆಲ್ಲ ಐದು ವರ್ಷದೊಳಗೆ ಮುಗಿಯಬೇಕು. ಮುಗಿಯದಿದ್ದರೆ ನೋಂದಣಿ ರದ್ದು, ಮತ್ತೆ ಅರ್ಜಿ ಹಾಕುವಂತಿಲ್ಲ. ಈ ಕೊನೆಯ ಸಾಲಿನ ಕೆಳಗೆ ನಾನೇ ಕೆಂಪು ಶಾಯಿಯಲ್ಲಿ ಗೆರೆ ಎಳೆದುಕೊಂಡಿದ್ದೆ.

ಎಂಬತ್ತರ ದಶಕ ಆಗ ತಾನೇ ಶುರುವಾಗಿತ್ತು. ನಾನು ರಾಯಚೂರಿನ ಪಾಲಿಟೆಕ್ನಿಕ್ ಒಂದರಲ್ಲಿ ಪಾಠ ಹೇಳುತ್ತಿದ್ದೆ. ಹೆಂಡತಿ ಮಾನ್ವಿಯಲ್ಲಿ ಪ್ರೈಮರಿ ಶಾಲೆಯ ಶಿಕ್ಷಕಿ, ಹಾಗಾಗಿ ಮನೆ ಅಲ್ಲಿ. ನಾನು ಹುಟ್ಟಿ ಬೆಳೆದದ್ದು ದೇವದುರ್ಗದಲ್ಲಿ, ಕೂಲಿಯವರ ಮನೆಯಲ್ಲಿ. ನನ್ನವ್ವ ಬೇರೆಯವರ ಹೊಲದಲ್ಲಿ ಹತ್ತಿ ಬಿಡಿಸಿ ನನ್ನನ್ನು ಓದಿಸಿದಳು. ನಮ್ಮ ಓಣಿಯಿಂದ ಇಂಜಿನಿಯರಿಂಗ್ ಓದಿದವನು ನಾನೇ ಮೊದಲು, ಡಾಕ್ಟರೇಟಿಗೆ ಕೈಹಾಕಿದವರಂತೂ ಆಜುಬಾಜು ಯಾರೂ ಇರಲಿಲ್ಲ. ಸೋತರೆ ನಾನೊಬ್ಬನೇ ಸೋತಂತಾಗುವುದಿಲ್ಲ, ನಮ್ಮಂಥವರಿಗೆ ಇದೆಲ್ಲ ಆಗುವ ಮಾತಲ್ಲ ಎನ್ನುವವರ ಮಾತು ನಿಜವಾಗುತ್ತದೆ ಎಂಬ ಅಳುಕಿತ್ತು.

ವಿಷಯ ಆಪರೇಷನ್ಸ್ ರಿಸರ್ಚ್. ಇರುವ ಜನ, ಇರುವ ಯಂತ್ರ, ಇರುವ ಹೊತ್ತಿನಲ್ಲಿ ಕೆಲಸ ಸರಾಗವಾಗಿ ಸಾಗುವುದು ಹೇಗೆಂದು ಗಣಿತ ಹಾಕಿ ನೋಡುವ ವಿದ್ಯೆ. ಅದರಲ್ಲಿ ನಾನು ಆರಿಸಿಕೊಂಡದ್ದು ಸರತಿ, ಅಂದರೆ ಸಾಲಿನಲ್ಲಿ ನಿಂತು ಕಾಯುವುದರ ಲೆಕ್ಕ. ನಮ್ಮ ಕಡೆಯವನಿಗೆ ಇದಕ್ಕಿಂತ ಪರಿಚಯದ ವಿಷಯ ಯಾವುದಿದೆ ಎಂದುಕೊಂಡಿದ್ದೆ. ಆ ಧಿಮಾಕು ಮೊದಲನೇ ಬಾಯಿ ಪರೀಕ್ಷೆಯಲ್ಲೇ ಇಳಿಯಿತು.

ಸಮಿತಿಯಲ್ಲಿದ್ದ ಹಿರಿಯ ಪ್ರೊಫೆಸರ್ ಒಬ್ಬರು ಕೇಳಿದ ಪ್ರಶ್ನೆ ಚಿಕ್ಕದು. ಸಾಲಿನಲ್ಲಿ ನಿಂತವರು ತಮ್ಮತಮ್ಮಲ್ಲೇ ಜಾಗ ಬದಲಾಯಿಸಿಕೊಂಡರೆ ಎಲ್ಲರ ಸರಾಸರಿ ಕಾಯುವ ಹೊತ್ತು ಬದಲಾಗುತ್ತದೆಯೇ? ನಾನು ಹಿಂದೆಮುಂದೆ ನೋಡದೆ ಹೌದು ಅಂದೆ. ಬದಲಾಗುವುದಿಲ್ಲ. ಒಬ್ಬನಿಗೆ ಉಳಿದ ಹೊತ್ತು ಇನ್ನೊಬ್ಬನ ತಲೆಗೆ ಬರುತ್ತದೆ, ಕೂಡಿಸಿದರೆ ಮೊತ್ತ ಅಷ್ಟೇ. ಬದಲಾಗುವುದು ಯಾರಿಗೆಷ್ಟು ಎಂಬ ಹಂಚಿಕೆ ಮಾತ್ರ. ಬರವಣಿಗೆಯಲ್ಲಿ ಅಷ್ಟು ಪುಟ ಸೂತ್ರ ಗೀಚಿ ಬಂದವನು ಇಷ್ಟಕ್ಕೆ ನಪಾಸಾದೆ. ಮುಂದಿನ ಆರು ತಿಂಗಳು ಸರತಿಯ ಒಂದೊಂದು ಸೂತ್ರವನ್ನೂ ಬುಡದಿಂದ ಬಿಡಿಸಿ ಕಲಿತು ಎರಡನೇ ಅವಕಾಶದಲ್ಲಿ ಪಾಸಾದೆ.

ಸಂಶೋಧನೆಗೆ ಆರಿಸಿಕೊಂಡ ಜಾಗ ರಾಯಚೂರಿನ ಹತ್ತಿ ಮಾರುಕಟ್ಟೆ. ಸುಗ್ಗಿಯಲ್ಲಿ ಕಲ್ಮಲ, ಯಾಪಲದಿನ್ನಿ, ಕಲ್ಲೂರು, ಮಾನ್ವಿ, ದೇವದುರ್ಗ, ಎಲ್ಲಾ ಕಡೆಯಿಂದ ಹತ್ತಿ ಬಂಡಿಗಳು ಬಂದು ಯಾರ್ಡು ತುಂಬಿ ರಸ್ತೆಗೆ ನಿಲ್ಲುತ್ತಿದ್ದವು. ಹತ್ತಿ ನೋಡುವುದು, ಹರಾಜಿನ ಸವಾಲು ಕೂಗುವುದು ಬೇಗ ಮುಗಿಯುತ್ತಿತ್ತು. ಬಂಡಿಗಳೆಲ್ಲ ಸಿಕ್ಕಿಬೀಳುತ್ತಿದ್ದದ್ದು ಕಾಟಾದ ಮುಂದೆ, ಅಂದರೆ ತೂಕ ಮಾಡುವಲ್ಲಿ. ಎಷ್ಟು ಕಾಟಾ ಇರಬೇಕು, ದೂರದ ಊರಿನವರಿಗೇ ಬೇರೆ ಕಾಟಾ ಬೇಕೇ, ಇದು ನನ್ನ ಪ್ರಬಂಧದ ಪ್ರಶ್ನೆ. ಕ್ರಮ ಹೀಗೆ: ಗೇಟಿನಲ್ಲಿ ಬಂಡಿ ಒಳಬಂದ ಕೂಡಲೇ ನಂಬರು ಬರೆದ ರಟ್ಟಿನ ಚೀಟಿ ಬಂಡಿಯವರ ಕೈಗೆ ಕೊಡುವುದು, ಹಾಳೆಯಲ್ಲಿ ಚೀಟಿ ನಂಬರು, ಊರು, ಬಂದ ಹೊತ್ತು ಬರೆಯುವುದು. ಕಾಟಾದವರು ನಂಬರಿನ ಪ್ರಕಾರ ಕರೆಯುತ್ತಿದ್ದರು. ತೂಕವಾದ ಮೇಲೆ ಅಲ್ಲಿಯ ಗುಮಾಸ್ತರು ಚೀಟಿ ವಾಪಸು ಪಡೆದು ನಂಬರು ಮತ್ತು ಹೊತ್ತು ಬರೆಯುವುದು. ಯಾರ್ಡಿನ ಕಾರ್ಯದರ್ಶಿಗಳಿಗೆ ಗದ್ದಲ ಕಡಿಮೆಯಾಯಿತೆಂದು ಖುಷಿಯೋ ಖುಷಿ. ಒಂದು ಸುಗ್ಗಿ ಪೂರ್ತಿ ಧೂಳು ಕುಡಿದು ಹಾಳೆ ತುಂಬಿಸಿದೆ.

ಆ ಹಾಳೆಗಳನ್ನು ಹೊತ್ತುಕೊಂಡು ಒಂದು ರಾತ್ರಿಯ ರೈಲು ಪ್ರಯಾಣದ ದೂರದಲ್ಲಿದ್ದ ಸಂಸ್ಥೆಗೆ ಹೋದೆ. ಅಲ್ಲಿಯ ಕಂಪ್ಯೂಟರಿಗೆ ಅಂಕಿಗಳನ್ನು ತೂತಿನ ಕಾರ್ಡುಗಳಲ್ಲಿ ಕೊಡಬೇಕಿತ್ತು, ಬಂಡಿಗೊಂದು ಕಾರ್ಡು. ಬೆಳಿಗ್ಗೆ ಕಟ್ಟು ಕೊಟ್ಟರೆ ಮರುದಿನ ಉತ್ತರ. ಎಲ್ಲೋ ಒಂದು ಅಲ್ಪವಿರಾಮ ತಪ್ಪಿದ್ದರೆ ಉತ್ತರದ ಬದಲು ಒಂದು ಸಾಲು ಬೈಗುಳ ಅಚ್ಚಾಗಿ ಬರುತ್ತಿತ್ತು, ಆ ದಿನ ಹಾಳು. ಹೀಗೆ ಸುಮಾರು ದಿನ ಹಾಳು ಮಾಡಿಕೊಂಡ ಮೇಲೆ ಕೋಷ್ಟಕಗಳು ಬಂದವು. ಬಂದವಪ್ಪಾ ಅಂದರೆ ಎಂಥ ಚೆಂದ! ಸೂತ್ರ ಹೇಳಿದ ಗೆರೆ, ನಾನು ಅಳೆದ ಗೆರೆ, ಒಂದರ ಮೇಲೊಂದು ಕೂತಿದ್ದವು. ಎರಡು ದಿನ ಹಾದಿ ನಡೆದು ಬಂದ ದೂರದವರೂ ಹತ್ತಿರದವರಷ್ಟೇ ಹೊತ್ತು ಕಾಯುತ್ತಿದ್ದಾರೆ, ಆದ್ದರಿಂದ ದೂರದವರಿಗೆ ಬೇರೆ ಕಾಟಾ ಬೇಕು ಎಂದು ಐದನೇ ಅಧ್ಯಾಯ ಬರೆದು ಮುಗಿಸಿದೆ.

ನನ್ನ ಮಾರ್ಗದರ್ಶಕರು ಕಡಿಮೆ ಮಾತಿನ, ಮೂಗಿನ ತುದಿಯಲ್ಲೇ ಸಿಟ್ಟಿದ್ದ ಮನುಷ್ಯ. ಅವರು ಆ ಎರಡು ಗೆರೆಗಳ ಚಿತ್ರವನ್ನು ಬಹಳ ಹೊತ್ತು ನೋಡಿದರು. ಹೊಗಳುತ್ತಾರೆಂದು ಕಾದು ಕೂತೆ.

“ಇದು ಅತಿಯಾಯಿತು. ಮನುಷ್ಯರ ಸಾಲು ಇಷ್ಟು ನೇರವಾಗಿರುವುದಿಲ್ಲ. ಐದಾರು ಜನರನ್ನು ಹುಡುಕಿ ಕೇಳಿಕೊಂಡು ಬನ್ನಿ, ಆ ದಿನ ಅವರು ಎಷ್ಟು ಹೊತ್ತು ಕಾದರು ಅಂತ,” ಅಂದರು.

ನನಗೆ ಮೈಯೆಲ್ಲ ಉರಿಯಿತು. ಸಾರಾಂಶ ಒಪ್ಪಿಸುವುದೊಂದೇ ಉಳಿದಿತ್ತು, ನಾಲ್ಕು ವರ್ಷ ಮುಗಿಯುತ್ತ ಬಂದಿತ್ತು, ಅಧ್ಯಯನ ರಜೆಯೂ ಮುಗಿದಿತ್ತು. ಆದರೂ ಹೇಳಿದ್ದನ್ನು ಮಾಡದೆ ಅವರ ಸಹಿ ಸಿಗುವುದಿಲ್ಲ. ಮಾನ್ವಿಗೆ ಬಂದವನು ಮರುದಿನ ಬಸ್ಸು ಹತ್ತಿ ಕಲ್ಲೂರಿಗೆ ಹೋದೆ. ಅಲ್ಲಿ ಬಂಡಿಯವರಿಗೆಲ್ಲ ಹಿರಿಯರಾದ ಒಬ್ಬರಿದ್ದರು. ಅವರ ಎತ್ತೊಂದು ಗೇಟು ದಾಟುತ್ತಲೇ ಹೊಟ್ಟೆಯುಬ್ಬರ ಬಂದು ಮಲಗಿತ್ತು, ಅವರ ಚೀಟಿ ನಂಬರಿನ ಪಕ್ಕ ನಾನದನ್ನು ಬರೆದಿಟ್ಟಿದ್ದೆ; ಹಾಗಾಗಿ ಆ ದಿನ ಅವರಿಗೆ ನೆನಪಿರುತ್ತದೆ ಎಂದು ನನ್ನ ಲೆಕ್ಕ. ಹಾಳೆಯ ಪ್ರಕಾರ ಅವರು ಕಾದದ್ದು ಮುಂಜಾನೆಯಿಂದ ಮಧ್ಯಾಹ್ನದವರೆಗೆ.

ಅವರು ನಕ್ಕೇಬಿಟ್ಟರು. ಮಧ್ಯಾಹ್ನ ಎಲ್ಲಿಯದು, ಆ ದಿನ ಅಲ್ಲೇ ಮಲಗಿ ಮರುದಿನ ಮಧ್ಯಾಹ್ನ ತೂಕ ಮಾಡಿಸಿಕೊಂಡು ಬಂದದ್ದು ಅಂದರು. ನಾನು ಹಾಳೆ ತೋರಿಸಿದೆ. ನಿಮ್ಮ ಚೀಟಿ ಇಷ್ಟನೇ ನಂಬರು, ಇಷ್ಟು ಹೊತ್ತಿಗೆ ಕಾಟಾ ದಾಟಿದೆ ಅಂದೆ.

“ಚೀಟಿ ದಾಟ್ಯದರಿ, ನಾ ದಾಟಿಲ್ಲ,” ಅಂದರು ಹಿರಿಯರು. “ಅದನ್ನ ದೇವದುರ್ಗದಾಂವಗ ಕೊಟ್ಟು ಅಂವಂದು ನಾ ತಗೊಂಡಿದ್ದೆ. ಅವರದು ಎರಡು ದಿನದ ಹಾದಿ. ತಂದ ಮೇವು ಯಾರ್ಡಿಗೆ ಬರೋದ್ರಾಗ ತೀರಿರ್ತದ. ನಾವು, ಕಲ್ಮಲದಾವ್ರು, ಇಲ್ಲೇ ಮಗ್ಗಲಾಗ ಇರಾವ್ರು. ದೂರದಾವ್ರಿಗೆ ಮುಂದ ಬಿಡೋದು ನಮ್ಮಪ್ಪನ ಕಾಲದಿಂದ ಅದ. ಮೊದಲ ಜಾಗ ಬಿಡ್ತಿದ್ವಿ. ನೀವು ಚೀಟಿ ತಂದ್ರಿ, ಚೀಟಿ ಬಿಟ್ವಿ.”

ನನಗ್ಯಾಕೆ ಒಂದು ಮಾತು ಹೇಳಲಿಲ್ಲ ಎಂದು ಕೇಳಿದೆ.

“ನೀವು ಕೇಳಲಿಲ್ಲಲ್ರಿ ಮಾಸ್ತರ್ರ. ಮತ್ತ ನೀವೂ ದೇವದುರ್ಗದಾವ್ರು, ನಿಮಗ ಗೊತ್ತಿರ್ತದ ಅನ್ಕೊಂಡಿದ್ವಿ.”

ಗೊತ್ತಿರಲಿಲ್ಲ. ಬಂಡಿ ಇದ್ದ ಮನೆಯವನಲ್ಲ ನಾನು. ನನ್ನವ್ವ ಬಿಡಿಸಿದ ಹತ್ತಿ ಅಂಡಿಗೆ ಚೀಲಗಳಲ್ಲಿ ತುಂಬಿ ಬಂಡಿಗೆ ಏರುವವರೆಗೆ ಮಾತ್ರ ನಾನು ನೋಡಿದವನು. ಆಮೇಲೆ ಅದರ ಪಾಡೇನು ಎಂಬುದು ಬಂಡಿಯವರಿಗೆ ಗೊತ್ತು. ಗೇಟಿನಲ್ಲಿ ಊರು ಬರೆದುಕೊಂಡ ನಾನು ಕಾಟಾದ ಹತ್ತಿರವೂ ಒಮ್ಮೆ ಕೇಳಿ ಬರೆಸಿದ್ದರೆ ಮೊದಲನೇ ದಿನವೇ ಸಿಕ್ಕಿಬೀಳುತ್ತಿತ್ತು. ಕೇಳಿರಲಿಲ್ಲ. ಒಂದು ಸುಗ್ಗಿಯುದ್ದಕ್ಕೂ ನಾನು ಅಳೆದದ್ದು ರಟ್ಟಿನ ತುಂಡುಗಳು ಎಷ್ಟು ಹೊತ್ತು ಕಾದವು ಎಂಬುದನ್ನು.

ಬಸ್ಸಿನಲ್ಲಿ ವಾಪಸು ಬರುವಾಗ ತಲೆ ತಾನಾಗಿಯೇ ದಾರಿ ಹುಡುಕತೊಡಗಿತು. ನಪಾಸಾಗಿ ಕಲಿತ ಪಾಠ ಈಗ ನೆಪವಾಗಿ ಎದುರಿಗೆ ಬಂತು. ಜಾಗ ಬದಲಾದರೂ ಸರಾಸರಿ ಬದಲಾಗುವುದಿಲ್ಲವಲ್ಲ! ನನ್ನ ಮೊದಲ ನಾಲ್ಕು ಅಧ್ಯಾಯ ನಿಂತಿದ್ದದ್ದು ಸರಾಸರಿಯ ಮೇಲೆ, ಅವಕ್ಕೆ ಏನೂ ಆಗಿಲ್ಲ. ಐದನೆಯದು ಸುಳ್ಳು, ಆದರೆ ಅದು ಸುಳ್ಳೆಂದು ಕಂಡುಹಿಡಿಯಲು ಪರೀಕ್ಷಕರು ಕಲ್ಲೂರಿಗೆ ಬರಬೇಕು. ಯಾರು ಬರುತ್ತಾರೆ? ಐದಾರು ಜನರನ್ನು ಕೇಳಿದೆ, ಎಲ್ಲ ಸರಿಯಿದೆ ಎಂದು ಮಾರ್ಗದರ್ಶಕರಿಗೆ ಹೇಳಿದರೆ ಆರು ತಿಂಗಳಲ್ಲಿ ಡಾಕ್ಟರ್. ನಿಜ ಹೇಳಿದರೆ ಇನ್ನೊಂದು ಸುಗ್ಗಿ ಕೂರಬೇಕು, ಐದು ವರ್ಷದ ಗಡುವಿನೊಳಗೆ ಉಳಿದಿದ್ದದ್ದೂ ಒಂದೇ ಸುಗ್ಗಿ. ಅದು ಕೆಟ್ಟರೆ ಎಲ್ಲ ಕೆಟ್ಟಂತೆ. ಇದನ್ನೆಲ್ಲ ನಾನು ಮಾನ್ವಿ ಬಸ್‌ ಸ್ಟ್ಯಾಂಡು ಬರುವವರೆಗೆ ಯೋಚಿಸಿದೆ, ನಾಚಿಕೆಯಿಲ್ಲದೆ ಯೋಚಿಸಿದೆ.

ಎರಡು ದಿನ ಮನೆಯಲ್ಲಿ ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲ. ಮೂರನೇ ದಿನ ಹೆಂಡತಿ ರೊಟ್ಟಿ ಬಡಿಯುವುದು ನಿಲ್ಲಿಸಿ ವಿಷಯವೇನೆಂದು ಕೇಳಿದಳು. ಹೇಳಿದೆ. ಅವಳು ಸಮಾಧಾನ ಮಾಡುವವಳಲ್ಲ.

“ಹೇಳ್ತೀರೋ ಬಿಡ್ತೀರೋ ನಿಮಗ ಬಿಟ್ಟದ್ದು. ಆದ್ರ ಈ ಮಾರಿ ಹೊತ್ಕೊಂಡು ಜಲ್ಮಪೂರ್ತಿ ನನ್ನ ಮುಂದ ಕುಂದರಬ್ಯಾಡ್ರಿ, ನನ್ನ ಕೈಲೆ ನೋಡಾಕ ಆಗಲ್ಲ,” ಅಂದಳು.

ಆ ಸಂಜೆಯೇ ರಾಯಚೂರಿಗೆ ಹೋಗಿ ರೈಲು ಹತ್ತಿದೆ. ಮಾರ್ಗದರ್ಶಕರು ಪೂರ್ತಿ ಕೇಳಿದರು. ಸರಾಸರಿ ಹಾಗೇ ಉಳಿಯುತ್ತದೆ ಎಂದು ಅವರೂ ಹೇಳಿದರು, ನಾನೇನು ಹೇಳುತ್ತೇನೋ ನೋಡುವುದಕ್ಕೆಂದು ಕಾಣುತ್ತದೆ. ಐದನೇ ಅಧ್ಯಾಯ ಉಳಿಯುವುದಿಲ್ಲ ಸರ್ ಅಂದೆ. ಹಾಗಾದರೆ ಸಮಿತಿಯ ಮುಂದೆ ನೀವೇ ಹೇಳಿ, ನಾನು ಹೇಳುವುದಿಲ್ಲ ಅಂದರು. ಹೇಳಿದೆ. ನಲವತ್ತು ನಿಮಿಷ ನಿಂತೇ ಇದ್ದೆ. ಒಬ್ಬರು, ಇಷ್ಟು ಸಣ್ಣ ಎಚ್ಚರ ಇಲ್ಲದವರು ಸಂಶೋಧನೆಗೆ ಯಾಕೆ ಬರುತ್ತೀರಿ ಎಂದು ನೇರವಾಗಿ ಕೇಳಿದರು. ಗಡುವು ವಿಸ್ತರಿಸುವುದಿಲ್ಲ, ಅದರೊಳಗೆ ಮಾಡಿಕೊಳ್ಳಿ ಎಂದು ಬರೆದುಕೊಟ್ಟರು.

ಎರಡನೇ ಸುಗ್ಗಿಗೆ ಪಾಲಿಟೆಕ್ನಿಕ್‌ನಿಂದ ಸಂಬಳವಿಲ್ಲದ ರಜೆ ಪಡೆದೆ. ಈ ಸಲ ಕ್ರಮ ಬದಲಾಯಿಸಿದೆ. ಗೇಟಿನಲ್ಲೂ ಕಾಟಾದಲ್ಲೂ ಹೊತ್ತಿನ ಜೊತೆಗೆ ಬಂಡಿಯವರ ಹೆಸರು, ಊರು, ಎತ್ತಿನ ಬಣ್ಣ, ಕೈಯಲ್ಲಿರುವ ಚೀಟಿ, ನಾಲ್ಕನ್ನೂ ಬರೆಯುವುದು. ಗೇಟಿಗೆ ಯಾರ್ಡಿನ ಗುಮಾಸ್ತರೊಬ್ಬರು ಒಪ್ಪಿಕೊಂಡರು, ಕಾಟಾಕ್ಕೆ ನಾನೇ ಕೂತೆ. ಎರಡು ಪಟ್ಟಿ ತಾಳೆ ನೋಡಿದರೆ ಯಾರ ಚೀಟಿ ಯಾರಿಗೆ ಹೋಯಿತು ಎಂಬುದು ಕಾಣಬೇಕು.

ಮೊದಲ ದಿನ ತಾಳೆ ನೋಡಿದೆ. ಒಂದು ಚೀಟಿಯೂ ಬದಲಾಗಿರಲಿಲ್ಲ. ಎರಡನೇ ದಿನವೂ ಇಲ್ಲ. ಒಂದು ವಾರ ಕಳೆಯಿತು, ಪ್ರತಿಯೊಬ್ಬರೂ ತಮ್ಮ ನಂಬರು ಹಿಡಿದು ಅಚ್ಚುಕಟ್ಟಾಗಿ ನಿಂತಿದ್ದರು. ದೇವದುರ್ಗದ ಬಂಡಿಗಳು ಹಿಂದೆ ಉಳಿದು, ಎತ್ತುಗಳು ಖಾಲಿ ಗೋಣಿಚೀಲ ಮೂಸುತ್ತಿದ್ದವು. ಹಿರಿಯರು ನನಗೆ ಸುಳ್ಳು ಹೇಳಿದರೇ? ಮೊದಲ ಸುಗ್ಗಿಯ ಹಾಳೆಗಳೇ ಸರಿಯಿದ್ದವೇ? ಸಮಿತಿಯ ಮುಂದೆ ನಿಂತು ನನ್ನ ಮರ್ಯಾದೆ ನಾನೇ ಕಳೆದುಕೊಂಡದ್ದು ಸುಮ್ಮಸುಮ್ಮನೆಯೇ?

ಎಂಟನೇ ದಿನ ಕಲ್ಲೂರಿನ ಹಿರಿಯರ ಬಂಡಿ ಬಂತು. ಅವರನ್ನು ಪಕ್ಕಕ್ಕೆ ಕರೆದು, ಚೀಟಿ ಯಾಕೆ ಯಾರೂ ಬದಲಿಸುತ್ತಿಲ್ಲ ಎಂದು ಕೇಳಿದೆ. ಅವರು ತಲೆ ತಗ್ಗಿಸಿದರು.

“ನಾವು ಬದ್ಲಿ ಮಾಡಿದ್ದಕ್ಕ ನಿಮ್ಮ ಪರೀಕ್ಷಾ ಕೆಟ್ಟದಂತ ಊರೂರಿಗೆಲ್ಲ ಗೊತ್ತಾಗ್ಯದರಿ. ಕೂಲಿಯವರ ಮಗ ಅಷ್ಟು ಓದಾಕತ್ತಾನ, ನಮ್ಮಿಂದ ಕೆಡಬಾರದು. ಈ ಒಂದು ಸುಗ್ಗಿ ಯಾರೂ ಚೀಟಿ ಬದಲಿಸಬ್ಯಾಡ್ರಿ ಅಂತ ನಾನ ಹೇಳಿ ಕಳಿಸೀನಿ. ದೇವದುರ್ಗದಾವ್ರೂ ಹೂಂ ಅಂದಾರ.”

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವರ ಬಂಡಿಯ ನೊಗ ಹಿಡಿದು ನಿಂತೆ. ನನ್ನ ಓದು ಉಳಿಯಲಿ ಎಂದು ಅಷ್ಟು ಜನ ಎತ್ತುಗಳನ್ನು ಉಪವಾಸ ಕೆಡವಿದ್ದರು, ಅದರಿಂದಲೇ ನನ್ನ ಓದು ಕೆಡುವುದರಲ್ಲಿತ್ತು.

ಇದನ್ನು ಬಿಡಿಸುವುದಕ್ಕೆ ನಾಲ್ಕು ದಿನ ಹಿಡಿಯಿತು. ಕಾಟಾಕ್ಕೆ ನನ್ನ ಬದಲಿಗೆ ಹಮಾಲರ ಮೇಸ್ತ್ರಿಯನ್ನು ಕೂರಿಸಿ, ಹಿರಿಯರನ್ನು ಕರೆದುಕೊಂಡು ಮಾನ್ವಿ, ದೇವದುರ್ಗ ಸುತ್ತಿದೆ. ನೀವು ಹಿಂದಿನಿಂದ ಹೇಗೆ ಮಾಡುತ್ತ ಬಂದಿದ್ದೀರೋ ಹಾಗೇ ಮಾಡಿ, ನನಗೆ ಬೇಕಾದದ್ದು ಅದೇ ಎಂದು ಕೈಮುಗಿದೆ. ನಂಬಲಿಲ್ಲ. ನಾನು ಸಂಕೋಚಕ್ಕೆ ಹೇಳುತ್ತಿದ್ದೇನೆಂದು ತಿಳಿದರು. ದೇವದುರ್ಗದಲ್ಲಿ ಕೊನೆಗೆ ನನ್ನವ್ವನೇ ಎದ್ದು ನಿಂತು ಬಂಡಿಯವರನ್ನು ಗದರಿಸಿದಳು.

“ಅಂವ ನಿಮ್ಮನ್ನ ನೋಡಿ ಬರೀಬೇಕಂತ, ನೀವು ಅಂವನ್ನ ನೋಡಿ ನಿಂತ್ರ ಏನು ಬರದಾನು? ಸುಮ್ನ ನಿಮ್ಮ ಪಾಡಿಗೆ ನೀವಿರ್ರಿ.”

ಅವ್ವನಿಗೆ ಅಕ್ಷರ ಬಾರದು. ಸಮಿತಿಯವರು ನಲವತ್ತು ನಿಮಿಷದಲ್ಲಿ ನನಗೆ ತಿಳಿಸಿ ಹೇಳಲಾಗದ್ದನ್ನು ಅವಳು ಅಷ್ಟರಲ್ಲಿ ಹೇಳಿದಳು. ಹದಿಮೂರನೇ ದಿನದಿಂದ ಚೀಟಿಗಳು ಮತ್ತೆ ಕೈಯಿಂದ ಕೈಗೆ ಓಡಾಡತೊಡಗಿದವು.

ಹಾಳಾಯಿತೆಂದುಕೊಂಡ ಆ ಹನ್ನೆರಡು ದಿನ ಎಷ್ಟು ಬೆಲೆಯವು ಎಂಬುದು ಕಾರ್ಡು ಕಟ್ಟು ಮತ್ತೆ ಕಂಪ್ಯೂಟರಿಗೆ ಹೋದಾಗ ತಿಳಿಯಿತು. ಅದೇ ಯಾರ್ಡು, ಅದೇ ಕಾಟಾ, ಅದೇ ಜನ. ಹನ್ನೆರಡು ದಿನ ಬಂದ ಕ್ರಮದಲ್ಲಿ ನಿಂತಿದ್ದಾರೆ, ಉಳಿದ ದಿನ ತಮ್ಮ ರೂಢಿಯಲ್ಲಿ ನಿಂತಿದ್ದಾರೆ. ದುಡ್ಡು ಕೊಟ್ಟರೂ ಯಾರೂ ಇಂಥ ಪ್ರಯೋಗ ಮಾಡಲು ಬಿಡುತ್ತಿರಲಿಲ್ಲ. ಎರಡನ್ನೂ ಎದುರುಬದುರು ಇಟ್ಟೆ. ಸರಾಸರಿ ಬಹುಮಟ್ಟಿಗೆ ಒಂದೇ. ಯಾರ್ಡಿನೊಳಗೆ ಕಾಯುವ ಹೊತ್ತಿನ ಏರುಪೇರು ರೂಢಿಯಲ್ಲೇ ಹೆಚ್ಚು; ಪುಸ್ತಕದ ಪ್ರಕಾರ ಅದು ಕೆಟ್ಟ ಪದ್ಧತಿ. ಆದರೆ ಹಾದಿಯ ಹೊತ್ತನ್ನೂ ಸೇರಿಸಿ, ಊರು ಬಿಟ್ಟ ಹೊತ್ತಿನಿಂದ ಊರು ಮುಟ್ಟುವ ಹೊತ್ತಿನವರೆಗೆ ಲೆಕ್ಕ ಹಾಕಿದರೆ ಏರುಪೇರು ರೂಢಿಯಲ್ಲಿ ಕಡಿಮೆ. ಕಲ್ಮಲದವನಿಗೆ ಅರ್ಧ ದಿನ ಹೋಗುತ್ತಿತ್ತು, ದೇವದುರ್ಗದವನ ಎತ್ತು ಮೇವಿಲ್ಲದ ದಿನವೊಂದನ್ನು ತಪ್ಪಿಸಿಕೊಳ್ಳುತ್ತಿತ್ತು. ದೂರದವರಿಗೆ ಬೇರೆ ಕಾಟಾ ಬೇಕಾಗಿಯೇ ಇರಲಿಲ್ಲ. ಐದನೇ ಅಧ್ಯಾಯವನ್ನು ಮೊದಲ ಸಾಲಿನಿಂದ ಹೊಸದಾಗಿ ಬರೆದೆ.

ಗಡುವಿಗೆ ಹನ್ನೊಂದು ದಿನವಿರುವಾಗ ಐದು ಪ್ರತಿ ಕಟ್ಟಿಸಿಕೊಂಡು ಕಚೇರಿಗೆ ಹೋದೆ. ಅಲ್ಲಿ ಒಂದು ಘೋಷಣಾ ಪತ್ರಕ್ಕೆ ಸಹಿ ಮಾಡಬೇಕಿತ್ತು: ಈ ಪ್ರಬಂಧದ ವಿಚಾರಗಳು ನನ್ನ ಸ್ವಂತದವು, ಬೇರೆಯವರಿಂದ ಪಡೆದದ್ದನ್ನು ಅಲ್ಲಲ್ಲೇ ಸೂಚಿಸಿದ್ದೇನೆ. ನಿಯಮಗಳ ಪುಸ್ತಕದಲ್ಲಿ ಅದನ್ನು ಎಷ್ಟು ಸಲ ಓದಿದ್ದರೂ ಅದರ ಭಾರ ಅಂದಿನವರೆಗೆ ಗೊತ್ತಾಗಿರಲಿಲ್ಲ. ಪೆನ್ನು ತೆರೆದು ಹಾಗೇ ಕೂತೆ. ಗುಮಾಸ್ತರು ಊಟಕ್ಕೆ ಹೊತ್ತಾಯಿತೆಂದು ಗೊಣಗಿದರು. ಪ್ರಬಂಧ ವಾಪಸು ತೆಗೆದುಕೊಂಡು ಹೊರಗೆ ಬಂದೆ. ಆ ರೂಢಿಯ ವಿವರ ಬರುವ ಪುಟದಲ್ಲಿ, ಇದು ಕಲ್ಲೂರು, ಕಲ್ಮಲ, ಮಾನ್ವಿ, ದೇವದುರ್ಗದ ಬಂಡಿಯವರ ಪದ್ಧತಿ, ಅವರು ಹೇಳಿಕೊಟ್ಟದ್ದು ಎಂದು ಒಂದು ಸಾಲು ಟೈಪು ಮಾಡಿಸಿ ಐದೂ ಪ್ರತಿಗಳಲ್ಲಿ ಅಂಟಿಸಿದೆ. ಆಮೇಲೆ ಸಹಿ ಹಾಕಿದೆ.

ವೈವಾಕ್ಕೆ ಬಂದ ಹೊರಗಿನ ಪರೀಕ್ಷಕರು ವಯಸ್ಸಾದವರು. ಗಣಿತದ ಪ್ರಶ್ನೆಗಳು ಒಂದೂವರೆ ಗಂಟೆ ನಡೆದವು. ಬೋರ್ಡಿನ ಮೇಲೆ ಎರಡು ಪ್ರಮೇಯ ಬಿಡಿಸಿದೆ, ಒಂದರಲ್ಲಿ ತಡವರಿಸಿ ಸರಿಪಡಿಸಿಕೊಂಡೆ. ಕೊನೆಗೆ ಅವರು ಅಂಟಿಸಿದ ಸಾಲಿದ್ದ ಪುಟ ತೆಗೆದರು. ಬೆರಳಿನಿಂದ ಅದರ ಅಂಚು ಸವರಿ ನೋಡಿದರು.

“ಪದ್ಧತಿ ಅವರದು ಎಂದು ನೀವೇ ಬರೆದಿದ್ದೀರಿ. ಸೂತ್ರಗಳು ಪುಸ್ತಕದವು. ಹನ್ನೆರಡು ದಿನದ ಪ್ರಯೋಗವೂ ನೀವು ಯೋಜಿಸಿದ್ದಲ್ಲ. ಡಾಕ್ಟರೇಟಿಗೆ ಸ್ವಂತದ್ದು ಏನಾದರೂ ಇರಬೇಕು. ಇದರಲ್ಲಿ ನಿಮ್ಮದು ಏನಿದೆ?”

ಮಾರ್ಗದರ್ಶಕರು ಕಿಟಕಿಯ ಕಡೆ ನೋಡುತ್ತಿದ್ದರು. ಸೀಮೆಸುಣ್ಣದ ಕಡ್ಡಿ ಕೆಳಗಿಟ್ಟೆ.

“ತಪ್ಪು ನನ್ನದು ಸರ್. ಮೊದಲ ಸುಗ್ಗಿಯ ಹಾಳೆಗಳು ಪೂರ್ತಿ ನನ್ನವು, ಅವನ್ನು ಅನುಬಂಧದಲ್ಲಿ ಒಂದೂ ಬಿಡದೆ ಇಟ್ಟಿದ್ದೇನೆ. ಅವು ಯಾಕೆ ತಪ್ಪು ಎಂದು ಪುಸ್ತಕದಲ್ಲಿ ಎಲ್ಲಿಯೂ ಇರಲಿಲ್ಲ, ಬಂಡಿಯವರಿಗೆ ಅದು ಬೇಕಾಗಿರಲಿಲ್ಲ. ಅದನ್ನು ಕಂಡುಕೊಂಡು ತಿದ್ದಿದೆ. ನನ್ನದು ಅಷ್ಟೇ.”

ಅವರು ಅನುಬಂಧ ತೆರೆದು ಆ ಹಾಳೆಗಳನ್ನು ನಿಧಾನವಾಗಿ ಮಗುಚಿ ನೋಡಿದರು. ಆಮೇಲೆ ಪ್ರಬಂಧ ಮುಚ್ಚಿ, ಮಾರ್ಗದರ್ಶಕರತ್ತ ತಿರುಗಿ, ನನಗೆ ಇನ್ನು ಕೇಳುವುದೇನೂ ಉಳಿದಿಲ್ಲ, ವರದಿಯ ಹಾಳೆ ಎಲ್ಲಿದೆ ಕೊಡಿ ಅಂದರು. ನನ್ನನ್ನು ಹೊರಗೆ ಕಳಿಸಿ ನಿರ್ಧರಿಸುವುದು ವಾಡಿಕೆ, ಅದನ್ನೂ ಮಾಡಲಿಲ್ಲ. ನಾನು ನಿಂತಿದ್ದಂತೆಯೇ ನನ್ನ ಎದುರಿಗೇ ಡಾಕ್ಟರೇಟಿಗೆ ಅರ್ಹ ಎಂದು ಬರೆದು ಸಹಿ ಹಾಕಿದರು. ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲು ಹೋಗಿ ಕೈಯಲ್ಲಿದ್ದ ಸೀಮೆಸುಣ್ಣದ ಪುಡಿಯನ್ನೆಲ್ಲ ಮುಖಕ್ಕೆ ಬಳಿದುಕೊಂಡೆ.